ಬೂಟಮ್ಮ ಯಾವ ಪುರಾಣದವಳು?

ಬಸ್ತಿಹಳ್ಳಿ
3-11-2025

ಪೂಜ್ಯ ಸಂಪತ್ಕುಮಾರ್ ಮೇಷ್ಟ್ರಿಗೆ ಮಂಜುಶ್ರೀ ಮಾಡುವ ನಮಸ್ಕಾರಗಳು.

ನಾನು ಯಾರೆಂದು ನಿಮಗೆ ನೆನಪಿದೆಯೋ ಇಲ್ಲವೋ. ಎಂಟನೇ ಕ್ಲಾಸಿನಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದವಳು, ದಸರಾ ರಜೆ ಮುಗಿದ ಮೇಲೆ ಮತ್ತೆ ಬರಲಿಲ್ಲ. ನೀವು ಮನೆಗೇ ಬಂದು ನಮ್ಮಪ್ಪನಿಗೆ ಹೇಳಿ ನೋಡಿದಿರಿ, ಅಪ್ಪ ಕೇಳಲಿಲ್ಲ. ಈಗ ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಮೊನ್ನೆ ನಿಮ್ಮ ಮನೆಗೆ ಫೋನ್ ಮಾಡಿದ್ದೆ. ಫೋನಿನಲ್ಲಿ ನಿಮಗೆ ಕಿವಿ ಕೇಳಿಸುವುದಿಲ್ಲ, ಕಾಗದ ಬರೆದರೆ ಓದುತ್ತಾರೆ ಎಂದು ನಿಮ್ಮ ಮನೆಯವರು ಚೆಲುವಾಂಬಮ್ಮನವರು ಅರಸೀಕೆರೆಯ ವಿಳಾಸ ಕೊಟ್ಟರು. ಬರೆದು ಎಷ್ಟೋ ವರ್ಷವಾಯಿತು. ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಿ.

ವಿಷಯ ಇದು. ನನ್ನ ಮಗಳು ಲಾವಣ್ಯ ನಾಲ್ಕನೇ ಕ್ಲಾಸು. ಡಿಸೆಂಬರ್ ಕೊನೆಯಲ್ಲಿ ಅವಳ ಶಾಲೆಯ ವಾರ್ಷಿಕೋತ್ಸವ. ವೇಷಭೂಷಣ ಸ್ಪರ್ಧೆಯಲ್ಲಿ ಪುರಾಣದ ಪಾತ್ರಗಳು ಮಾತ್ರ ಎಂದು ಹೆಡ್‌ಮಾಸ್ಟರ್ ಶರತ್ಚಂದ್ರ ಸಾರ್ ಹೇಳಿಬಿಟ್ಟಿದ್ದಾರೆ. ಯಾರಿಗೆ ಯಾವ ಪಾತ್ರ ಎಂದು ಅವರೇ ಹಂಚಿಯೂ ಆಗಿದೆ. ಲಾವಣ್ಯಳಿಗೆ ಪಗಡೆ ಮಾವ. ಯಾರೆಂದು ನಿಮಗೆ ತಿಳಿಯಿತಲ್ಲ, ದಾಳ ಉರುಳಿಸಿ ತಂಗಿಯ ವಂಶವನ್ನೇ ಹಾಳುಮಾಡಿದವನು. ಅವನ ಹೆಸರೆತ್ತಿದರೆ ಮನೆಯಲ್ಲಿ ಜಗಳ ಹುಟ್ಟುತ್ತದೆ ಎಂದು ನಮ್ಮತ್ತೆ ಕೆಂಪಲಕ್ಷ್ಮಮ್ಮ ಎತ್ತಗೊಡುವುದಿಲ್ಲ. ಬರೆದರೂ ಹಾಗೇ ಆಗುತ್ತದೋ ಏನೋ ಎಂದು ನನಗೆ ಭಯ, ಅದಕ್ಕೇ ಹೀಗೆ ಬರೆದೆ.

ಅವಳಿಗೆ ಆ ಪಾತ್ರ ಬೇಡವಂತೆ. ಸೂಪರ್ ಹೀರೋ ಆಗಬೇಕಂತೆ. ಬೆನ್ನಿಗೆ ಬಟ್ಟೆ ಕಟ್ಟಿಕೊಂಡು ಹಾರುತ್ತಾರಲ್ಲ, ಬೀಳುವ ಕಟ್ಟಡವನ್ನು ಕೈಯಲ್ಲಿ ಹಿಡಿಯುತ್ತಾರಲ್ಲ, ಅವರು. ಹೆದರಿಕೊಂಡೇ ಹೋಗಿ ಸಾರ್ ಅವರನ್ನು ಕೇಳಿದೆ. "ಅದೆಲ್ಲ ಕಾರ್ಟೂನು ಕಣಮ್ಮ. ಅದೂ ಪುರಾಣ ಅಂತ ಯಾರಾದ್ರೂ ತಿಳಿದೋರು ಹೇಳಲಿ, ಆಮೇಲೆ ನೋಡೋಣ" ಎಂದರು. ನನಗೆ ಗೊತ್ತಿರುವ ತಿಳಿದವರು ನೀವೊಬ್ಬರೇ.

ಸೂಪರ್ ಹೀರೋ ಕಥೆಗಳನ್ನು ಈ ಕಾಲದ ಪುರಾಣ ಎನ್ನಬಹುದೇ ಮೇಷ್ಟ್ರೇ? ಇದು ತುಂಬಾ ಸಣ್ಣ ವಿಷಯ, ನಿಮ್ಮ ಸಮಯ ಹಾಳು ಮಾಡುತ್ತಿದ್ದೇನೆ ಎಂದು ಗೊತ್ತು. ಆದರೂ ಬರೆಯಿರಿ.

ಇತಿ ನಿಮ್ಮ ಶಿಷ್ಯೆ,
ಮಂಜುಶ್ರೀ

*

ಅರಸೀಕೆರೆ
9-11-2025

ಚಿ. ಸೌ. ಮಂಜುಶ್ರೀಗೆ ಆಶೀರ್ವಾದಗಳು.

ಕಿಟಕಿಯ ಹೊರಗೆ ನೋಡುತ್ತಲೇ ಕೂತಿದ್ದು, ಪ್ರಶ್ನೆ ಕೇಳಿದ ಕೂಡಲೇ ಸರಿಯುತ್ತರ ಹೇಳುತ್ತಿದ್ದ ಹುಡುಗಿಯನ್ನು ಯಾವ ಮೇಷ್ಟರೂ ಮರೆಯುವುದಿಲ್ಲ. ನಿನ್ನ ಕಾಗದವನ್ನು ಚೆಲುವಾಂಬಳಿಗೂ ಓದಿ ಹೇಳಿದೆ. ಈ ಕಾಲದಲ್ಲಿ ಒಬ್ಬ ತಾಯಿ ಇಂಥ ಪ್ರಶ್ನೆ ಕೇಳಿದಳಲ್ಲ ಎಂದು ಹೆಮ್ಮೆಯಾಯಿತು.

ಆದರೆ ಉತ್ತರ, ಇಲ್ಲ. ಪುರಾಣಕ್ಕೆ ಐದು ಲಕ್ಷಣ ಹೇಳುತ್ತಾರೆ. ಲೋಕ ಹುಟ್ಟಿದ ಬಗೆ, ಅಳಿದು ಮತ್ತೆ ಹುಟ್ಟಿದ ಬಗೆ, ದೇವತೆ ಋಷಿಗಳ ವಂಶ, ಮನುಗಳ ಕಾಲ, ಅರಸರ ಚರಿತೆ. ನಿನ್ನ ಹಾರುವ ವೀರರಲ್ಲಿ ಇವು ಎಲ್ಲಿವೆ? ಅವರನ್ನು ಹುಟ್ಟಿಸಿದ್ದು ಒಂದು ಕಂಪನಿ. ಅವರ ಮೇಲೆ ಹಕ್ಕು ಇರುವುದು ಆ ಕಂಪನಿಗೆ. ಬೊಂಬೆ ಮಾರಾಟವಾಗದಿದ್ದರೆ ಮುಂದಿನ ವರ್ಷ ಅವರ ಅಂಗಿಯ ಬಣ್ಣ ಬದಲಾಗುತ್ತದೆ. ಪುರಾಣಕ್ಕೆ ಒಡೆಯರಿಲ್ಲ. ಮುಖ್ಯವಾಗಿ, ಆ ವೀರರಿಗೆ ಯಾರೂ ಕೈಮುಗಿಯುವುದಿಲ್ಲ. ಟಿಕೆಟ್ ಕೊಂಡು ಕೂತು ನೋಡಿ ಎದ್ದು ಬರುತ್ತಾರೆ, ಅಷ್ಟೇ.

ಪಗಡೆ ಮಾವನ ಪಾತ್ರವನ್ನು ಮಗಳು ಬಿಡದಿರಲಿ. (ನಿನ್ನ ಅತ್ತೆಯವರಿಗೆ ಗೌರವ ಕೊಟ್ಟು ನಾನೂ ಹಾಗೆಯೇ ಬರೆಯುತ್ತೇನೆ.) ದೇವರ ವೇಷ ಹಾಕಿದವರಿಗೆ ನಿಂತು ನಗುವುದಷ್ಟೇ ಕೆಲಸ. ಅಭಿನಯಕ್ಕೆ ಅವಕಾಶ ಇರುವುದು ಇವನಲ್ಲೇ. ನಮ್ಮ ಕಡೆಯ ನಾಟಕಗಳಲ್ಲಿ ಅವನು ಒಂದು ಕಾಲು ಎಳೆದು ಕುಂಟುತ್ತಾ ಬರುತ್ತಾನೆ, ನೋಡಿರುತ್ತೀಯ. ಅವನು ರಂಗಕ್ಕೆ ಬಂದ ಕೂಡಲೇ ಜನ ನಗಲು ಶುರು. ಆ ಕುಂಟು ನಡಿಗೆಯನ್ನು ಮಗಳಿಗೆ ಚೆನ್ನಾಗಿ ಅಭ್ಯಾಸ ಮಾಡಿಸು. ಬಹುಮಾನ ಅವಳದೇ.

ಶುಭವಾಗಲಿ.
ಸಂಪತ್ಕುಮಾರ್

*

ಬಸ್ತಿಹಳ್ಳಿ
24-11-2025

ಮೇಷ್ಟ್ರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂದ ದಿನವೇ ಉತ್ತರ ಬರೆಯಲು ಕೂತೆ. ಬರೆದು ಹರಿದೆ. ಮತ್ತೆ ಬರೆದೆ, ಅದನ್ನೂ ಹರಿದೆ. ನಿಮ್ಮ ಮನಸ್ಸಿಗೆ ನೋವಾದರೆ ಏನು ಗತಿ ಎಂದು ನಿದ್ದೆಗೆಟ್ಟೆ. ಈಗ ಬರೆದುಬಿಡುತ್ತೇನೆ.

ಲಾವಣ್ಯಳಿಗೆ ಕುಂಟುವುದನ್ನು ಅಭ್ಯಾಸ ಮಾಡಿಸಬೇಕಾಗಿಲ್ಲ.

ಐದು ವರ್ಷದವಳಿದ್ದಾಗ ಬೇಲೂರು ರಸ್ತೆಯಲ್ಲಿ ಒಂದು ಬೈಕು ಗುದ್ದಿತು. ಎಲುಬು ಕೂಡಿತು, ಆದರೆ ಬಲಗಾಲು ಎಡಗಾಲಿನಷ್ಟು ಉದ್ದಕ್ಕೆ ಬರಲಿಲ್ಲ. ಆ ಕಾಲಿಗೆ ದಪ್ಪ ಅಟ್ಟೆಯ ಬೂಟು ಹಾಕುತ್ತಾಳೆ. ಮೊದಲ ಕಾಗದದಲ್ಲಿ ಇದನ್ನು ಬರೆಯಲಿಲ್ಲ. ಬರೆದಿದ್ದರೆ ನೀವು ಅಯ್ಯೋ ಪಾಪ ಎಂದು ಹೂಂ ಅಂದುಬಿಡುತ್ತಿದ್ದಿರಿ. ನನಗೆ ಬೇಕಾಗಿದ್ದದ್ದು ಪಾಪದ ಹೂಂ ಅಲ್ಲ.

ಹೋದ ವರ್ಷ ಅವಳಿಗೆ ಕೊಟ್ಟದ್ದು ಗೂನು ಬೆನ್ನಿನ ದಾಸಿ, ರಾಣಿಯ ಕಿವಿ ಊದಿ ರಾಜಕುಮಾರನನ್ನು ಕಾಡಿಗೆ ಕಳಿಸಿದಳಲ್ಲ, ಅವಳು. ಆವತ್ತು ಶರತ್ಚಂದ್ರ ಸಾರ್ ಮೈಕಿನಲ್ಲಿ, "ಈ ಮಗೂಗೆ ಆಕ್ಟಿಂಗ್ ಹೇಳಿಕೊಡೋದೇ ಬೇಡ, ತಾನಾಗೇ ಬರುತ್ತೆ" ಎಂದರು. ಮೆಚ್ಚಿಯೇ ಹೇಳಿದರು. ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಮನೆಗೆ ಬಂದು ಬೂಟು ಬಿಚ್ಚುತ್ತಾ ಅವಳು ಕೇಳಿದಳು.

"ಅಮ್ಮಾ, ಪುರಾಣದಲ್ಲಿ ಬೆನ್ನು ಕಾಲು ಸರಿ ಇಲ್ದೋರೆಲ್ಲ ಕೆಟ್ಟೋರೇನಾ?"

"ಹಂಗೇನಿಲ್ಲ ಕಣೇ" ಎಂದೆ.

"ಒಬ್ರು ಒಳ್ಳೇರ ಹೆಸರು ಹೇಳು."

ಅತ್ತೆಯ ಕಡೆ ನೋಡಿದೆ. ಊರಿನ ನಾಟಕ ಒಂದೂ ಬಿಡದವರು ಅವರು. "ನಾಟ್ಕದಾಗೆ ಕುಂಟ ಬಂದ್ರೆ ಜನ ನಗ್ತಾರೆ, ಏನ್ ಮಾಡಾಕಾಯ್ತದೆ? ಮದ್ಲಿಂದ ಹಂಗೇ ಐತೆ" ಎಂದು ಸೊಪ್ಪು ಸೋಸಲು ಕೂತರು. ಈ ವರ್ಷ ಮತ್ತೆ ಪಗಡೆ ಮಾವ ಎಂದಾಗ ಮಾತ್ರ ಅವರೂ ಮುಖ ಗಂಟಿಕ್ಕಿದರು.

ಟಿವಿಯಲ್ಲಿ ಅವಳು ನೋಡುವ ಕಥೆಗಳು ಬೇರೆ. ಅಲ್ಲಿ ಒಬ್ಬನಿಗೆ ಕಾಲು ಸುಟ್ಟು ಹೋದರೆ ಉಕ್ಕಿನ ಕಾಲು ಬರುತ್ತದೆ. ಪೆಟ್ಟು ಬಿದ್ದವನೇ ಅಲ್ಲಿ ವೀರ. ಸುಳ್ಳು ಎಂದು ಅವಳಿಗೂ ಗೊತ್ತು ಮೇಷ್ಟ್ರೇ.

ನೀವು ಐದು ಲಕ್ಷಣ ಬರೆದಿರಿ. ನಮ್ಮ ಊರ ಬಾಗಿಲ ಮಾರಮ್ಮನಿಗೆ ಆ ಐದರಲ್ಲಿ ಒಂದೂ ಇಲ್ಲ. ಎಲ್ಲಿಂದಲೋ ಬಂದಳು, ಸಿಡುಬು ತಡೆದಳು, ಕೂತಳು. ಕಥೆ ಅಷ್ಟೇ. ಅವಳ ಗುಡಿ ಮುಂದೆ ನಿಂತು ಇದು ಪುರಾಣ ಅಲ್ಲ ಎನ್ನುವ ಧೈರ್ಯ ಶರತ್ಚಂದ್ರ ಸಾರ್‌ಗೆ ಇದೆಯೇ? ಪುರಾಣಕ್ಕೆ ಒಡೆಯರಿಲ್ಲ ಎಂದಿರಿ. ಹಾಗಾದರೆ ನನ್ನ ಮಗಳು ಯಾರಾಗಬೇಕು ಎಂದು ಹಂಚುತ್ತಿರುವವರು ಯಾರು?

ಕೈ ಮುಗಿಯುವ ಮಾತು ಒಂದು ಉಳಿದಿದೆ. ಬೈಕು ಗುದ್ದಿದ ದಿನ ಆಸ್ಪತ್ರೆಯಲ್ಲಿ ಕಾಲಿಗೆ ಸೂಜಿ ಚುಚ್ಚುವಾಗ ಅತ್ತೆ, "ಮಾರಮ್ಮನ್ನ ನೆನಸ್ಕೊ ಕಂದ" ಎಂದರು. ಅವಳು ಕಣ್ಣು ಮುಚ್ಚಿ ಕರೆದದ್ದು ಟಿವಿಯ ಆ ಹಾರುವವನನ್ನು. ತುಟಿಯಲ್ಲೇ ಅವನ ಹೆಸರನ್ನು ಹೇಳಿಕೊಂಡಳು, ಅಳಲಿಲ್ಲ. ಕೈ ಮುಗಿಯಲು ಆಗಲಿಲ್ಲ. ಒಂದು ಕೈ ನನ್ನ ಕೈಯೊಳಗಿತ್ತು, ಇನ್ನೊಂದಕ್ಕೆ ಗ್ಲೂಕೋಸ್ ಹಾಕಿದ್ದರು. ಏನು ದೋಷ ತಟ್ಟುತ್ತದೋ ಎಂದು ನಾನು ಮನೆಗೆ ಬಂದವಳೇ ಮಾರಮ್ಮನ ಹೆಸರಲ್ಲಿ ತಪ್ಪುಕಾಣಿಕೆ ಕಟ್ಟಿಟ್ಟೆ. ಇನ್ನೂ ಒಪ್ಪಿಸಿಲ್ಲ. ತಪ್ಪು ಯಾರದು ಎಂದೇ ಈಗ ಅನುಮಾನ.

ಹೆಚ್ಚು ಬರೆದೆನೇನೋ. ಹೆದರಿಕೆಯಾಗುತ್ತಿದೆ. ಆದರೂ ಇದನ್ನು ಹರಿಯುವುದಿಲ್ಲ.

ನಿಮ್ಮ ಶಿಷ್ಯೆ,
ಮಂಜುಶ್ರೀ

*

ಅರಸೀಕೆರೆ
28-11-2025

ಮಗು ಮಂಜುಶ್ರೀ,

ನಿನ್ನ ಕಾಗದ ಈಗಷ್ಟೇ ಬಂತು. ಕುಂಟುವುದನ್ನು ಅಭ್ಯಾಸ ಮಾಡಿಸು ಎಂದು ಬರೆದ ಕೈ ನನ್ನದು. ಅದಕ್ಕೆ ಏನು ಹೇಳಲಿ?

ಒಂದು ಮಾತು ತಿಳಿದಿರಲಿ. ನಾನು ಓದಿರುವ ಮಟ್ಟಿಗೆ ಮೂಲ ಕಥೆಯಲ್ಲಿ ಪಗಡೆ ಮಾವ ಕುಂಟನಲ್ಲ. ಆ ಕುಂಟು ಆಮೇಲೆ ಆಡುವವರು ಸೇರಿಸಿಕೊಂಡದ್ದು.

ಮಗಳು ಒಳ್ಳೆಯವರೊಬ್ಬರ ಹೆಸರು ಕೇಳಿದಳಲ್ಲ. ಮೈಯಲ್ಲಿ ಎಂಟು ಕಡೆ ಡೊಂಕಿದ್ದ ಋಷಿಯೊಬ್ಬ ರಾಜಸಭೆಯಲ್ಲಿ ತನ್ನನ್ನು ನೋಡಿ ನಕ್ಕ ಪಂಡಿತರ ಬಾಯಿ ಮುಚ್ಚಿಸಿದ. ಅದಕ್ಕಿಂತ ಚೆನ್ನಾದದ್ದು ಸೂರ್ಯನ ಸಾರಥಿಯ ಕಥೆ. ತೊಡೆಗಳೇ ಇಲ್ಲದೆ ಹುಟ್ಟಿದವನು. ಲೋಕಕ್ಕೆಲ್ಲ ಬೆಳಗು ತರುವುದು ಅವನು ಹಿಡಿದ ಲಗಾಮು. ಹಳೇಬೀಡಿನಲ್ಲಿ ನಂದಿ ಮಂಟಪದ ಹಿಂದೆ ಸೂರ್ಯನ ಗುಡಿ ಇದೆಯಲ್ಲ, ನಿಮಗೆ ಹತ್ತಿರವೇ. ಅಲ್ಲಿಗೆ ಕರೆದುಕೊಂಡು ಹೋಗಿ ಕಥೆ ಹೇಳು. ಆ ವೇಷ ಹಾಕಲಿ. ಪುರಾಣವೂ ಆಯಿತು, ಮಾನವೂ ಉಳಿಯಿತು.

ಮಿಕ್ಕದ್ದನ್ನು ನನಗೆ ಬಿಡು. ನೀನು ಏನೂ ಯೋಚನೆ ಮಾಡಬೇಡ.

ಸಂಪತ್ಕುಮಾರ್

*

ಬಸ್ತಿಹಳ್ಳಿ
9-12-2025

ಮೇಷ್ಟ್ರಿಗೆ,

ಭಾನುವಾರ ಹಳೇಬೀಡಿಗೆ ಹೋಗಿದ್ದೆವು. ನೀವು ಬರೆದ ಹಾಗೇ ಕಥೆ ಹೇಳಿದೆ. ಇವಳು ಸೂರ್ಯನನ್ನು ಮೇಲಿಂದ ಕೆಳಗೆ ನೋಡಿದಳು.

"ಅಂದ್ರೆ ಡ್ರೈವರ್ರಾ?"

"ಸಾರಥಿ ಕಣೇ."

"ಅದೇ, ಡ್ರೈವರ್ರು. ರಥದಿಂದ ಇಳಿಯೋದೇ ಇಲ್ವಾ ಅವನು?"

"ಇಳಿಯಲ್ಲ."

"ನಂಗೆ ಇಳೀಬೇಕು" ಎಂದಳು.

ನಿಮ್ಮ ಡೊಂಕು ಋಷಿಯ ಕಥೆಯನ್ನೂ ಹೇಳಿ ನೋಡಿದೆ. ಅವನನ್ನು ಕಂಡು ಸಭೆ ಮೊದಲು ನಕ್ಕಿತಲ್ಲ ಎಂದಳು. ಆ ಮೊದಲ ನಗುವೇ ಅವಳಿಗೆ ಬೇಡ. ನನಗೂ ಬೇಡ.

ಸೋಮವಾರ ಶರತ್ಚಂದ್ರ ಸಾರ್ ಶಾಲೆಗೆ ಬರಲು ಹೇಳಿದರು. ಏನು ತಪ್ಪಾಯಿತೋ ಎಂದು ಹೊಲಿಗೆ ಅರ್ಧಕ್ಕೆ ಬಿಟ್ಟು ಓಡಿದೆ. ಲಾವಣ್ಯಳೂ ಪಕ್ಕದಲ್ಲಿದ್ದಳು. ಸಾರ್ ತುಂಬಾ ಮೆತ್ತಗೆ ಮಾತಾಡಿದರು. "ಸಂಪತ್ಕುಮಾರ್ ಮೇಷ್ಟ್ರು ಮನೆಯವರಿಂದ ಫೋನ್ ಮಾಡಿಸಿದ್ರು ಕಣಮ್ಮ. ನಾನೂ ಅವರ ಶಿಷ್ಯನೇ. ಮಗೂಗೆ ವೇಷಗೀಷ ಏನೂ ಬೇಡ. ಸ್ಟೇಜ್ ಮೇಲೆ ಒಂದು ಕುರ್ಚಿ ಹಾಕಿಸ್ತೀವಿ, ಕೂತಿರಲಿ. ಅತಿಥಿಗಳ ಕೈಲಿ ವಿಶೇಷ ಬಹುಮಾನ ಕೊಡಿಸ್ತೀವಿ. ಫೋಟೋನೂ ತೆಗೆಸೋಣ" ಎಂದರು.

ಲಾವಣ್ಯ ನನ್ನ ಸೆರಗು ಹಿಡಿದು, "ನಾನೇನು ಮಾಡಿದೆ ಅಂತ ಬಹುಮಾನ?" ಎಂದಳು. ಸಾರ್ ಫೋಟೋದ ಮಾತನ್ನೇ ಮತ್ತೆ ಎತ್ತಿದರು. ನಿಮ್ಮ ಬಳಿ ಉತ್ತರ ಇದೆಯೇ?

ನನಗೆ ಕೋಪ ಬರುವುದೇ ಅಪರೂಪ. ಬಂದರೂ ಅದನ್ನು ಹೇಗೆ ಇಟ್ಟುಕೊಳ್ಳಬೇಕು ಎಂದು ಗೊತ್ತಾಗುವುದಿಲ್ಲ. ಪಾಪದ ಹೂಂ ಬೇಡ ಎಂದು ಅಷ್ಟು ಬಿಡಿಸಿ ಬರೆದಿದ್ದೆ. ನೀವು ಅದನ್ನೇ ಫೋನಿನಲ್ಲಿ ಕಳಿಸಿದಿರಿ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದೀರಿ, ಅದಕ್ಕೇ ಹೆಚ್ಚು ಉರಿಯುತ್ತದೆ.

ಈಗ ಹೇಳುತ್ತೇನೆ ಕೇಳಿ. ಶಾಲೆಯ ವ್ಯಾನಿನಲ್ಲಿ ಮಕ್ಕಳು ಅವಳನ್ನು "ಬೂಟಮ್ಮ" ಎಂದು ಆಡಿಕೊಳ್ಳುತ್ತಾರೆ. ಅದೇ ಹೆಸರಿನ ಒಬ್ಬಳನ್ನು ಅವಳು ಕಟ್ಟಿಕೊಂಡಿದ್ದಾಳೆ. ಬೂಟಮ್ಮ ಇರುವುದು ಬೇಲೂರು ರಸ್ತೆಯ ಮೋರಿಯ ಕೆಳಗೆ. ಜೋರಾಗಿ ಬರುವ ಗಾಡಿಯ ಮುಂದೆ ನೆಗೆದು ಒಂದು ಸಲ ಬೂಟು ಕುಟ್ಟಿದರೆ ಗಾಡಿ ಅಲ್ಲೇ ನಿಲ್ಲುತ್ತದೆ. ರಸ್ತೆ ದಾಟುವ ಮಕ್ಕಳು, ಮುದುಕರು, ಎಮ್ಮೆಗಳು ಎಲ್ಲ ಅವಳ ಕಾವಲಿನಲ್ಲಿ. ಅತ್ತೆ ಇದನ್ನು ಕೇಳಿ, "ಎಮ್ಮೇನೂ ಸೇರಿಸ್ಕಂಡವ್ಳೆ ನೋಡು, ಬುದ್ವಂತೆ" ಎಂದು ನಕ್ಕರು.

ಕಂಪನಿ ಎಂದಿರಿ. ಬೂಟಮ್ಮನಿಗೆ ಕಂಪನಿ ಇಲ್ಲ. ಆಡುವವರು ಒಬ್ಬ ಮಾವನ ಕಾಲನ್ನು ಕುಂಟಿಸಬಹುದಾದರೆ, ನಾವು ಒಬ್ಬ ದೇವತೆಗೆ ಬೂಟು ಹಾಕಬಹುದು. ಇದಕ್ಕೆ ನಿಮ್ಮ ಒಪ್ಪಿಗೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ರವಿಕೆ ಹೊಲಿದು ಉಳಿದ ಕೆಂಪು ತುಂಡುಗಳನ್ನೆಲ್ಲ ಕೂಡಿಸಿ ಬೆನ್ನಿಗೆ ಕಟ್ಟುವ ಬಟ್ಟೆ ಹೊಲಿಯುತ್ತಿದ್ದೇನೆ.

ಮಂಜುಶ್ರೀ

*

ಅರಸೀಕೆರೆ
15-12-2025

ಮಂಜುಶ್ರೀ,

ಫೋನ್ ಮಾಡಿಸಬಾರದಿತ್ತು. ಅದು ನನ್ನ ತಪ್ಪು.

ಆದರೆ ನಿನಗೆ ಸಂತೋಷವಾಗಲಿ ಎಂದು ನನ್ನ ಅಭಿಪ್ರಾಯ ಬದಲಿಸಲಾರೆ. ಹಾಗೆ ಬದಲಿಸಿದರೆ ಅದೂ ನೀನು ಹೇಳುವ ಪಾಪದ ಹೂಂ ಆದೀತು. ಪುರಾಣ ಎಂದರೆ ಯಾರೋ ಬೇಕೆಂದಾಗ ಹೊಲಿದುಕೊಳ್ಳುವ ಅಂಗಿಯಲ್ಲ. ಮಾರಮ್ಮನ ಹಿಂದೆ ಊರಿಗೆ ಊರೇ ಇದೆ, ಎಷ್ಟೋ ತಲೆಮಾರಿನ ಭಯ ಇದೆ. ಬೂಟಮ್ಮನ ಹಿಂದೆ ಇರುವುದು ಒಂಬತ್ತು ವರ್ಷದ ಒಬ್ಬ ಹುಡುಗಿ. ಅದು ಕಥೆ, ಚಂದದ ಕಥೆ. ಪುರಾಣವಲ್ಲ.

ಸಭೆ ಕ್ರೂರವಾಗಿರುತ್ತದೆ ಮಗು. ಮೂವತ್ತು ವರ್ಷ ವಾರ್ಷಿಕೋತ್ಸವ ನಡೆಸಿದವನು ಹೇಳುತ್ತಿದ್ದೇನೆ. ಆಡಿಕೊಳ್ಳುವ ಹೆಸರನ್ನೇ ಹೊತ್ತು ವೇದಿಕೆ ಹತ್ತಿದರೆ ನಗದೆ ಬಿಡುತ್ತಾರೆಯೇ? ಬೇಡ. ಆವತ್ತು ಅವಳನ್ನು ಮನೆಯಲ್ಲೇ ಇಟ್ಟುಕೋ.

ಸಂಪತ್ಕುಮಾರ್

*

ಬಸ್ತಿಹಳ್ಳಿ
29-12-2025

ಮೇಷ್ಟ್ರಿಗೆ,

ನಿಮ್ಮ ಕಾಗದವನ್ನು ಅವಳಿಗೆ ಓದಲಿಲ್ಲ. ನಾನು ಮಾತ್ರ ದಿನಾ ಓದಿದೆ. ಶನಿವಾರ ಬೆಳಗಿನ ತನಕವೂ ಅವಳಿಗೆ ಸ್ವಲ್ಪ ಜ್ವರ ಬರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಹೆತ್ತವಳು ಬೇಡುವ ಮಾತೇ ಇದು? ಜ್ವರ ಬರಲಿಲ್ಲ. ಅತ್ತೆ ಎದ್ದವರೇ ಆ ಬೂಟಿಗೆ ಅರಿಶಿನ ಕುಂಕುಮ ಇಟ್ಟು, "ಏನಾರ ಆಗ್ಲಿ, ನಡಿ" ಎಂದರು.

ಪಗಡೆ ಮಾವನ ಪಾತ್ರವನ್ನು ಸಮ್ಯಕ್‌ಗೆ ಕೊಟ್ಟಿದ್ದರು. ಬಸದಿ ಬೀದಿಯ ಹುಡುಗ, ಲಾವಣ್ಯ ಹೋಗುವ ವ್ಯಾನಿನಲ್ಲೇ ಹೋಗುವವನು. ಪಟ್ಟಿಯ ಕೊನೆಗೆ ಲಾವಣ್ಯಳ ಹೆಸರು ಹಾಗೇ ಇತ್ತು, ಪಾತ್ರದ ಜಾಗ ಖಾಲಿ. ಲಾವಣ್ಯಳ ಸರದಿಗೆ ಸ್ವಲ್ಪ ಮುಂಚೆ ಅವನು ವೇದಿಕೆಗೆ ಬಂದ. ದಾಳ ಕುಲುಕಿದ, ಕುಂಟುತ್ತಾ ನಡೆದ. ಅದು ನಾಟಕದ ಕುಂಟು ಆಗಿರಲಿಲ್ಲ. ಬಲಗೈಯನ್ನು ತೊಡೆಗೆ ಊರಿ, ಭುಜ ಎತ್ತಿ, ಕಾಲನ್ನು ಹೊರಗೆ ಎಸೆದು ಇಡುವ ಹೆಜ್ಜೆ. ಲಾವಣ್ಯಳ ನಡಿಗೆ. ಹುಡುಗ ನೋಡಿ ನೋಡಿ ಕಲಿತಿದ್ದ. ಮಕ್ಕಳೆಲ್ಲ ಎದ್ದು ನಿಂತು "ಬೂಟಮ್ಮ! ಬೂಟಮ್ಮ!" ಎಂದು ಕೂಗಿದರು. ಗೊತ್ತಿಲ್ಲದ ದೊಡ್ಡವರೂ ನಕ್ಕರು.

ನಾನು ವೇದಿಕೆಯ ಪಕ್ಕಕ್ಕೆ ಓಡಿದೆ. ಅವಳ ಕೈ ಹಿಡಿದು, "ಬಾರೇ ಮನೆಗೆ ಹೋಗೋಣ" ಎಂದೆ. ಕೈ ತಣ್ಣಗಿತ್ತು.

"ಬಿಡಮ್ಮ."

"ಬೇಡ ಕಣೇ, ನಗ್ತಾರೆ."

"ನಗ್ತಾ ಇದಾರಲ್ಲ ಆಗಲೇ. ಬಿಡು" ಎಂದು ಕೈ ಬಿಡಿಸಿಕೊಂಡು ಮೆಟ್ಟಿಲು ಹತ್ತಿದಳು.

ಬೆನ್ನಿಗೆ ಕೆಂಪು ಬಟ್ಟೆ, ಕಾಲಲ್ಲಿ ಕುಂಕುಮದ ಬೂಟು. ಸಮ್ಯಕ್ ಈಗ ತಾನೇ ನಡೆದಿದ್ದ ಹಾಗೇ ಇವಳು ನಡೆದು ಬಂದಳು. ಸಭೆಗೆ ಆಗ ಅರ್ಥವಾಯಿತು. ನಗು ಪೂರ್ತಿ ನಿಲ್ಲಲಿಲ್ಲ, ಅಲ್ಲಲ್ಲಿ ಉಳಿಯಿತು. ಶರತ್ಚಂದ್ರ ಸಾರ್‌ಗೂ ಏನು ಮಾಡಬೇಕೋ ತೋಚಲಿಲ್ಲ. ಮೈಕು ಹಿಡಿದು, "ಪಾತ್ರದ ಹೆಸರು?" ಎಂದರು.

"ಬೂಟಮ್ಮ."

"ಇದು ಯಾವ ಪುರಾಣ ಮಗು?"

ಅವಳು ಎರಡೂ ಕೈಯಲ್ಲಿ ಮೈಕು ತೆಗೆದುಕೊಂಡಳು.

"ಸಮ್ಯಕ್ ನಡೆದನಲ್ಲ ಸಾರ್, ಅದು ನನ್ನ ನಡಿಗೆ. ಬೂಟಮ್ಮಂದು. ಅದನ್ನ ಪಗಡೆ ಮಾವನಿಗೆ ಕೊಡಲ್ಲ."

ಹಿಂದಿನ ಸಾಲಿನಿಂದ ಅತ್ತೆ, "ಯೋಳು ಮಗ! ಗಟ್ಯಾಗ್ ಯೋಳು! ಮೋರಿದೂ ಯೋಳು!" ಎಂದು ಕೂಗಿದರು. ಹೇಳಿದಳು ಮೇಷ್ಟ್ರೇ. ಮೋರಿ, ಗಾಡಿ, ಎಮ್ಮೆ, ಎಲ್ಲವನ್ನೂ. ಕೊನೆಗೆ ಬೂಟು ಕುಟ್ಟಿ ತೋರಿಸಿದಳು. ಹಲಗೆಯ ವೇದಿಕೆ, ದಢ್ ಎಂದಿತು. ಮುಂದೆ ಕೂತಿದ್ದ ಅತಿಥಿ ಬೆಚ್ಚಿ ನೀರಿನ ಬಾಟಲಿ ಬೀಳಿಸಿಕೊಂಡರು.

ಬಹುಮಾನ ಬರಲಿಲ್ಲ. ಪುರಾಣದ ಪಾತ್ರವಲ್ಲ, ಅಂಕ ಕೊಡಲಾಗುವುದಿಲ್ಲ ಎಂದು ಮೈಕಿನಲ್ಲೇ ಹೇಳಿದರು. ಆಮೇಲೆ ಸಾರ್ ಪಕ್ಕಕ್ಕೆ ಬಂದು, "ಆ ವಿಶೇಷ ಬಹುಮಾನ ಈಗಲೂ ಇದೆ ಕಣಮ್ಮ" ಎಂದರು. ಬೇಡ ಸಾರ್ ಎಂದೆ. ಇನ್ನೊಂದು ಸಲವೂ ಹೇಳಿದೆ. ನಾಳೆ ಅವಳನ್ನು ಶಾಲೆಯಲ್ಲಿ ಹೇಗೆ ನೋಡಿಕೊಳ್ಳುತ್ತಾರೋ ಎಂಬ ಚಿಂತೆ ಆಗಿನಿಂದ ಶುರುವಾಗಿದೆ, ಇನ್ನೂ ಬಿಟ್ಟಿಲ್ಲ. ಇರಲಿ. ಚಿಂತೆ ಮಾಡುತ್ತಲೇ ಬೇಡ ಎನ್ನಬಹುದು ಎಂದು ನನಗೆ ಗೊತ್ತಿರಲಿಲ್ಲ.

ನೀವು ಪುರಾಣ ಅಲ್ಲ ಎನ್ನಿ. ನಿಮ್ಮ ಮಾತಿಗೆ ನನ್ನಲ್ಲಿ ಬೆಲೆ ಇದೆ, ನೀವು ಸುಳ್ಳು ಹೂಂ ಎನ್ನಲಿಲ್ಲ. ಆದರೆ ಮಾರಮ್ಮನ ಕಥೆಯನ್ನೂ ಯಾರೋ ಒಬ್ಬರು ಮೊದಲು ಬಾಯಿ ಬಿಟ್ಟು ಹೇಳಿರಬೇಕು. ಆವತ್ತು ಅವಳ ಹಿಂದೆಯೂ ಊರು ಇರಲಿಲ್ಲ. ಹೇಳಿದವಳಿಗೆ ಎಷ್ಟು ವಯಸ್ಸೋ, ಯಾರು ಬಲ್ಲರು?

ಕೊನೆಗೆ ವೇಷ ಹಾಕಿದ ಮಕ್ಕಳನ್ನೆಲ್ಲ ಒಂದು ಸುತ್ತು ನಡೆಸಿದರು. ಕೊಳಲಿನವರು, ಗದೆಯವರು, ಕಿರೀಟದವರು. ಸಮ್ಯಕ್ ತಲೆ ತಗ್ಗಿಸಿಕೊಂಡು, ದಾಳ ಹಿಡಿದು ಬಂದ. ಈ ಸಲ ಅವನು ಕುಂಟಲಿಲ್ಲ, ಎಲ್ಲರ ಹಾಗೆ ನಡೆದ. ಅವನ ಹಿಂದೆ, ಎಲ್ಲರಿಗಿಂತ ಕೊನೆಗೆ ಲಾವಣ್ಯ. ತೊಡೆಗೆ ಕೈಯೂರಿ, ಭುಜ ಎತ್ತಿ, ಹೆಜ್ಜೆ ಎಸೆದು, ಒಂಚೂರೂ ಅವಸರ ಮಾಡದೆ ವೇದಿಕೆಯ ಆ ತುದಿಯಿಂದ ಈ ತುದಿಗೆ ಬಂದಳು. ಪರದೆ ಎಳೆಯುವವರು ಹಗ್ಗ ಹಿಡಿದುಕೊಂಡು ಕಾಯುತ್ತಿದ್ದರು.

ಕಾಯಲಿ ಎಂದುಕೊಂಡೆ.

ಲಾವಣ್ಯಳ ತಾಯಿ,
ಮಂಜುಶ್ರೀ